ಅಲಂಕಾರ ಬೋಧನೆ: ಪ್ರೌಢಶಾಲೆಯಲ್ಲಿ ವ್ಯಕ್ತಿಗತ ಕಲಿಕೆ

ಕಾವ್ಯಾಲಂಕಾರಗಳನ್ನು ಪ್ರತಿ ವಿದ್ಯಾರ್ಥಿಯ ಪೂರ್ವಜ್ಞಾನಕ್ಕೂ ಕಲಿಕೆಯ ವೇಗಕ್ಕೂ ತಕ್ಕಂತೆ ಕಲಿಸುವ ಕ್ರಮ. ಕರ್ನಾಟಕದ ಪ್ರೌಢಶಾಲೆಗಳಲ್ಲಿ ಅಲಂಕಾರವು ಪ್ರಥಮ ಭಾಷೆ ಕನ್ನಡದ ಪಠ್ಯದಲ್ಲಿ ಛಂದಸ್ಸಿನ ಜೊತೆಗೆ ಬರುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು, ಆ ಲಕ್ಷಣವನ್ನು ಕೊಟ್ಟ ವಾಕ್ಯಕ್ಕೆ ಸಮನ್ವಯಗೊಳಿಸುವುದು ರೂಢಿ. ಲಕ್ಷಣವನ್ನು ಬಾಯಿಪಾಠ ಮಾಡಿ ಬರೆಯಬಹುದು. ಸಮನ್ವಯಕ್ಕೆ ತಿಳಿವಳಿಕೆಯೇ ಬೇಕು. ವ್ಯಕ್ತಿಗತ ಬೋಧನೆಯ ಅಗತ್ಯ ಹೆಚ್ಚಾಗಿ ಕಾಣುವುದು ಇಲ್ಲಿಯೇ.

ಶಾಸ್ತ್ರದ ಹಿನ್ನೆಲೆ

ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥವೇ ಅಲಂಕಾರಗ್ರಂಥ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ದ ಕರ್ತೃ ಶ್ರೀವಿಜಯನೆಂಬುದು ಬಹುಮಟ್ಟಿಗೆ ಒಪ್ಪಿತ ಅಭಿಪ್ರಾಯ. ದಂಡಿಯ ‘ಕಾವ್ಯಾದರ್ಶ’ಕ್ಕೆ ಋಣಿಯಾದ ಈ ಕೃತಿಯ ಎರಡನೆಯ ಪರಿಚ್ಛೇದ ಶಬ್ದಾಲಂಕಾರಗಳನ್ನೂ ಮೂರನೆಯದು ಅರ್ಥಾಲಂಕಾರಗಳನ್ನೂ ವಿವರಿಸುತ್ತದೆ. ಇಮ್ಮಡಿ ನಾಗವರ್ಮನ ‘ಕಾವ್ಯಾವಲೋಕನ’ ಇದನ್ನು ಇನ್ನಷ್ಟು ವ್ಯವಸ್ಥಿತಗೊಳಿಸಿತು. ಹದಿನೇಳನೆಯ ಶತಮಾನದ ಮೈಸೂರಿನಲ್ಲಿ ತಿರುಮಲಾರ್ಯ ಬರೆದ ‘ಅಪ್ರತಿಮವೀರಚರಿತೆ’ ಎಂಬ ಅಲಂಕಾರಗ್ರಂಥದ ಲಕ್ಷ್ಯಪದ್ಯಗಳು, ಅಂದರೆ ಉದಾಹರಣೆಯ ಪದ್ಯಗಳು, ದೊರೆ ಚಿಕ್ಕದೇವರಾಜನನ್ನು ಕುರಿತವು. ಎದುರಿಗಿರುವ ಓದುಗರಿಗೆ ಪರಿಚಿತವಾದುದನ್ನೇ ಉದಾಹರಣೆಯಾಗಿಸುವ ಪದ್ಧತಿ ಹೀಗೆ ಹಳೆಯದು.

ಕಲಿಕೆಯ ಮೆಟ್ಟಿಲುಗಳು

ವರ್ಷಾರಂಭದ ಸೇತುಬಂಧದ ನೈದಾನಿಕ ಪರೀಕ್ಷೆಯಿಂದ ಯಾರು ಎಲ್ಲಿ ಎಡವುತ್ತಾರೆಂಬುದು ಗೊತ್ತಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಕಿರಿಯ ಪ್ರಾಥಮಿಕ ತರಗತಿಗಳಿಗೆ ತಂದ ಕಲಿಕಾ ಏಣಿ ಮತ್ತು ಕಾರ್ಡುಗಳ ಕ್ರಮವನ್ನು ಪ್ರೌಢ ಹಂತದ ಅಲಂಕಾರಕ್ಕೂ ಹೊಂದಿಸಬಹುದು.

ಮೊದಲ ಮೆಟ್ಟಿಲು ಉಪಮೆ. ‘ವಾಣಿವಿಲಾಸ ಸಾಗರದ ನೀರು ಕನ್ನಡಿಯಂತೆ ಹೊಳೆಯುತ್ತಿದೆ’ ಎಂಬಲ್ಲಿ ನೀರು ಉಪಮೇಯ, ಕನ್ನಡಿ ಉಪಮಾನ, ‘ಅಂತೆ’ ಉಪಮಾವಾಚಕ, ಹೊಳೆಯುವುದು ಸಮಾನಧರ್ಮ. ‘ಮಳೆಯೇ ರೈತನ ನಂಟ’ ಎಂದಾಗ ವಾಚಕ ಬಿದ್ದುಹೋಗಿ ಮಳೆಗೂ ನಂಟನಿಗೂ ಅಭೇದ ಬರುತ್ತದೆ, ಇದು ರೂಪಕ. ‘ಚಿತ್ರದುರ್ಗದ ಬಂಡೆಗಳು ಕೋಟೆಗೆ ಕಾವಲು ನಿಂತಿವೆಯೋ ಎಂಬಂತೆ ತೋರುತ್ತಿವೆ’ ಎಂಬ ಕಲ್ಪನೆ ಉತ್ಪ್ರೇಕ್ಷೆ. ಇಲ್ಲಿಯೂ ‘ಅಂತೆ’ ಇರುವುದರಿಂದ ವಾಚಕವನ್ನಷ್ಟೇ ನೋಡಿ ತೀರ್ಮಾನಿಸುವ ವಿದ್ಯಾರ್ಥಿ ಇದನ್ನು ಉಪಮೆಯೆಂದು ಬರೆಯುತ್ತಾನೆ. ಅವನಿಗೆ ಬೇಕಾದ ಪರಿಹಾರ ಬೋಧನೆ ಲಕ್ಷಣದ ಪುನರಾವರ್ತನೆಯಲ್ಲ. ಹೋಲಿಕೆ ಯಾವುದು, ಕಲ್ಪನೆ ಯಾವುದು ಎಂದು ಬೇರ್ಪಡಿಸುವ ಅಭ್ಯಾಸ.

ಉಪಮೆಯ ಈ ನಾಲ್ಕು ಅಂಗಗಳು ಕನ್ನಡಕ್ಕಷ್ಟೇ ಸೀಮಿತವಲ್ಲ. ಅರಬ್ಬೀ ಅಲಂಕಾರಶಾಸ್ತ್ರವಾದ ಬಲಾಗಾ ಕೂಡ ಉಪಮೆಗೆ, ಅಂದರೆ ತಶ್ಬೀಹ್‌ಗೆ, ನಾಲ್ಕೇ ಅಂಗಗಳನ್ನು ಹೇಳುತ್ತದೆ: ಮುಶಬ್ಬಹ್, ಮುಶಬ್ಬಹ್ ಬಿಹಿ, ಅದಾತ್, ವಜ್ಹುಶ್ಶಬಹ್. ಆದ್ದರಿಂದ ಉಪಮೆಯ ಮೆಟ್ಟಿಲು ಅರಬ್ಬೀ ಕಲಿಸುವ ತರಗತಿಗೂ ಒದಗುತ್ತದೆ.

ಸಿರಿಗೆರೆಯ ಸಾಧನಗಳು

ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ಸಂಸ್ಕೃತ ವ್ಯಾಕರಣ ಸೂತ್ರಗಳನ್ನು ಗಣಕಕ್ಕೆ ಅಳವಡಿಸಿ ‘ಗಣಕಾಷ್ಟಾಧ್ಯಾಯಿ’ ತಂತ್ರಾಂಶ ರೂಪಿಸಿದ್ದಾರೆ. ಶಾಸ್ತ್ರವನ್ನು ಕಲಿಯುವವನು ತನ್ನ ವೇಗದಲ್ಲಿ ಅಭ್ಯಸಿಸಲು ಅದೊಂದು ಮಾದರಿ. ಮಠದ ಡಿಜಿಟಲ್ ವಚನ ಸಂಗ್ರಹವೂ ಅಲಂಕಾರ ಪಾಠಕ್ಕೆ ಉಪಯುಕ್ತ. ಉಪಮೆ, ದೃಷ್ಟಾಂತಗಳು ವಚನಗಳಲ್ಲಿ ಹೇರಳವಾಗಿವೆ, ಭಾಷೆಯೂ ಹಳಗನ್ನಡ ಪದ್ಯಗಳಷ್ಟು ಕಠಿಣವಲ್ಲ.

ಮಿತಿ

ದೊಡ್ಡ ತರಗತಿಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಹಾಳೆ ಸಿದ್ಧಪಡಿಸುವುದು ಒಬ್ಬ ಶಿಕ್ಷಕರಿಗೆ ಕಷ್ಟ. ತಪ್ಪಿನ ಬಗೆಗೆ ಅನುಗುಣವಾಗಿ ಎರಡು ಮೂರು ಗುಂಪು ಮಾಡುವುದು ಕಾರ್ಯಸಾಧ್ಯ. ಯಾವ ಗುಂಪಿನಲ್ಲಿದ್ದರೂ, ತನ್ನದೇ ವಾಕ್ಯ ಕಟ್ಟಿ ಅದಕ್ಕೆ ಸಮನ್ವಯ ಬರೆಯಬಲ್ಲ ವಿದ್ಯಾರ್ಥಿ ಅಲಂಕಾರವನ್ನು ಕಲಿತಿದ್ದಾನೆಂದು ಹೇಳಬಹುದು.