ಎತ್ತಿಲ್ಲದ ದಂಡು, ಎಂಜಿನ್ ಇಲ್ಲದ ಹೆಲಿಕಾಪ್ಟರ್

ಕುಣಿಗಲ್‌ನಿಂದ ಮದ್ದೂರಿನ ದಾರಿ ಹಿಡಿದರೆ ಹುಲಿಯೂರುದುರ್ಗದ ಬೆಟ್ಟ ದೂರದಿಂದಲೇ ಕಾಣುತ್ತದೆ. ಬೋರಲು ಹಾಕಿದ ಬಟ್ಟಲಿನಂಥ ಬೋಳು ಬಂಡೆ. 1791ರ ಜೂನ್‌ನಲ್ಲಿ ಇಲ್ಲಿದ್ದ ಟಿಪ್ಪುವಿನ ಪಡೆ ಕೋಟೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಿತು. ಕೋಟೆ ತೆಗೆದುಕೊಂಡವನು ಲಾರ್ಡ್ ಕಾರ್ನ್‌ವಾಲಿಸ್. ಹತ್ತು ವರ್ಷದ ಹಿಂದೆ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್‌ಗೆ ಶರಣಾಗಿ, ಮೈ ಹುಷಾರಿಲ್ಲವೆಂದು ಹೇಳಿ, ಕತ್ತಿ ಒಪ್ಪಿಸಲು ಕೈಕೆಳಗಿನ ಅಧಿಕಾರಿಯನ್ನು ಕಳಿಸಿದವನೂ ಇವನೇ. ಅಮೆರಿಕವನ್ನು ಕಳೆದುಕೊಂಡು ಬಂದವನು ಮೈಸೂರನ್ನು ಹಿಡಿಯಲು ಹೊರಟಿದ್ದ.

ಆ ಜೂನ್‌ನಲ್ಲಿ ಮಾತ್ರ ಅವನು ಗೆದ್ದು ಬರುತ್ತಿರಲಿಲ್ಲ, ಹಿಂದಕ್ಕೆ ಸರಿಯುತ್ತಿದ್ದ. ಮೇ ತಿಂಗಳಲ್ಲಿ ಅರಕೆರೆ ಬಳಿ ಟಿಪ್ಪುವಿನ ಸೇನೆಯನ್ನು ಹಿಮ್ಮೆಟ್ಟಿಸಿ ಶ್ರೀರಂಗಪಟ್ಟಣದ ಹೊಸ್ತಿಲು ಮುಟ್ಟಿದ್ದರೂ ಮುತ್ತಿಗೆ ಹಾಕಲಾಗಲಿಲ್ಲ. ಮಳೆ ಹಿಡಿಯಿತು, ಮೇವು ತೀರಿತು, ದನಗಳಿಗೆ ರೋಗ ಬಡಿಯಿತು. ತೋಪು ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯಲೆಂದು ಬೆಂಗಳೂರಿನಿಂದ ಎಳೆದು ತಂದಿದ್ದ ಭಾರೀ ತೋಪುಗಳನ್ನು ಅವನೇ ಹಾಳುಗೆಡವಿ ಹೊರಡಬೇಕಾಯಿತು. ಮದ್ದಿತ್ತು, ಗುಂಡಿತ್ತು, ಎಳೆಯಲು ಎತ್ತಿರಲಿಲ್ಲ.

ಮೈಸೂರಿನವರಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯನ್ನು ಟಿಪ್ಪು 'ಅಮೃತ ಮಹಲ್' ಎಂದು ಕರೆದ. ಹೆಸರಿಗೆ ಹಾಲು ಬೆಣ್ಣೆ, ಕೆಲಸ ಮಾತ್ರ ದಂಡಿನದು. ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಂ ತಲುಪಿದ್ದು ಈ ತಳಿಯ ಎತ್ತುಗಳ ಬಲದಿಂದ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಹಿಂಡುಗಳನ್ನು ಮೇಯಿಸಲು ಸೀಮೆಯುದ್ದಕ್ಕೂ ಹುಲ್ಲುಗಾವಲು ಕಾದಿರಿಸಿದ್ದರು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು. ಜನ ಅವನ್ನು 'ಕಾವಲು' ಎಂದರು. ತುಮಕೂರು ಸೀಮೆಯ ಎಷ್ಟೋ ಜಾಗಗಳ ಹೆಸರಿಗೆ ಇವತ್ತಿಗೂ ಈ ಬಾಲ ಅಂಟಿಕೊಂಡಿದೆ.

ಇಲ್ಲೊಂದು ಅಡ್ಡಮಾತು. ಪೆನ್ಸಿಲ್ವೇನಿಯಾದವರು ತಮ್ಮ ವ್ಯಾಪಾರದ ಹಡಗುಗಳನ್ನು ಬ್ರಿಟಿಷರಿಂದ ಕಾಯಲು ಸಜ್ಜುಗೊಳಿಸಿದ ಯುದ್ಧನೌಕೆಯ ಹೆಸರು 'ಹೈದರ್ ಅಲಿ'. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಕ್ಯಾಪ್ಟನ್ ಜೋಶುವಾ ಬಾರ್ನಿಯ ಕೈಯಲ್ಲಿದ್ದ ಈ ಹಡಗು ತನಗಿಂತ ಬಲವಾದ ಬ್ರಿಟಿಷ್ ನೌಕೆ 'ಜನರಲ್ ಮಂಕ್' ಅನ್ನು ಸೆರೆಹಿಡಿಯಿತು. ಶಿರಾದ ನವಾಬನೆಂಬ ಬಿರುದು ಹೊತ್ತ ಹೈದರ್ ಸಮುದ್ರದಾಚೆ ಯಾರಿಗೂ ಬೇಕಾದವನಾಗಿರಲಿಲ್ಲ; ಶತ್ರುವಿನ ಶತ್ರು, ಅಷ್ಟೇ ಸಾಕಾಗಿತ್ತು. ಅಮೆರಿಕದ ವಿದೇಶಾಂಗ ನೀತಿ ಅಂಬೆಗಾಲಿಡುತ್ತಿದ್ದ ಆ ದಿನಗಳಲ್ಲೇ ಅದರ ಲೆಕ್ಕಾಚಾರ ಚೊಕ್ಕವಾಗಿತ್ತು ಎನ್ನಬೇಕು.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷರು ಎತ್ತಿನ ಹಿಂಡುಗಳನ್ನೂ ವಶಕ್ಕೆ ಪಡೆದರು. ಖರ್ಚು ಉಳಿಸುವ ನೆಪದಲ್ಲಿ 1860ರಲ್ಲಿ ಅವನ್ನು ಮಾರಿಯೂಬಿಟ್ಟರು. ಆಮೇಲೆ ದಂಡಿಗೆ ಒಳ್ಳೆಯ ಎತ್ತು ಸಿಗದೆ ಕೆಲವೇ ವರ್ಷಗಳಲ್ಲಿ ಮತ್ತೆ ಹಿಂಡು ಕಟ್ಟಿದರು. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಒದಗಿಸುತ್ತಿದ್ದ ಕುಣಿಗಲ್‌ನ ಫಾರಂ ಉಳಿದುಕೊಂಡಿತು, ಆದರೆ ಕಾಲಾಂತರದಲ್ಲಿ ಅಲ್ಲಿನ ಕುದುರೆಗಳು ರಣರಂಗ ಬಿಟ್ಟು ರೇಸ್ ಕೋರ್ಸಿನ ಹಾದಿ ಹಿಡಿದವು.

2016ರ ಜನವರಿ 3ರಂದು ಗುಬ್ಬಿ ತಾಲ್ಲೂಕಿನ ನಿಟ್ಟೂರು ಬಳಿ ಪ್ರಧಾನಿ ನರೇಂದ್ರ ಮೋದಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದರು. ಜಾಗದ ಹೆಸರು ಬಿದರೆಹಳ್ಳ ಕಾವಲ್, ವಿಸ್ತಾರ 615 ಎಕರೆ. ಅದೇ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಎಪ್ಪತ್ತರ ದಶಕದ ಕೊನೆಯಿಂದ ತುಮಕೂರಿನ ಎಷ್ಟೋ ಮನೆಗಳ ಒಲೆ ಉರಿಸಿದ್ದ ವಾಚ್ ಫ್ಯಾಕ್ಟರಿಯ ಕಥೆ ಮುಗಿಯಿತು. ಅಲ್ಲಿನ ಜಮೀನು ಮುಂದೆ ಇಸ್ರೋ ಪಾಲಾಯಿತು.

ಇಸ್ರೋ, ಎಚ್‌ಎಎಲ್ ಎರಡಕ್ಕೂ ವಾಷಿಂಗ್ಟನ್ನಿನ ಬಿಸಿ ತಟ್ಟಿದ್ದು ಹೊಸದಲ್ಲ. ರಷ್ಯಾದಿಂದ ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನ ಕೊಳ್ಳಹೊರಟ ಇಸ್ರೋ ಮೇಲೆ 1992ರ ಮೇನಲ್ಲಿ ಅಮೆರಿಕ ನಿರ್ಬಂಧ ಹೇರಿತು, ಮರುವರ್ಷ ರಷ್ಯಾವೇ ಹಿಂದೆ ಸರಿಯಿತು. ಎಚ್‌ಎಎಲ್ ಸರದಿ ಬಂದದ್ದು ಪೋಖ್ರಾನ್ ನಂತರ.

1998ರ ಮೇ 11 ಮತ್ತು 13ರಂದು ಭಾರತ ಅಣು ಪರೀಕ್ಷೆ ನಡೆಸಿತು. ಕ್ಲಿಂಟನ್ ಗ್ಲೆನ್ ತಿದ್ದುಪಡಿಯನ್ನು ಬಳಸಿ ನಿರ್ಬಂಧಕ್ಕೆ ಸಹಿ ಹಾಕಿದರು. ಅದನ್ನು ತಂದ ಸೆನೆಟರ್ ಜಾನ್ ಗ್ಲೆನ್, ಭೂಮಿಯನ್ನು ಸುತ್ತಿದ ಮೊದಲ ಅಮೆರಿಕನ್ ಗಗನಯಾತ್ರಿ. ಲಾಕ್‌ಹೀಡ್ ಮಾರ್ಟಿನ್ ಕಂಪನಿಯಲ್ಲಿ ನಮ್ಮ ಲಘು ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಯ ಮೇಲೆ ದುಡಿಯುತ್ತಿದ್ದ ಎಂಜಿನಿಯರ್‌ಗಳು ಕೆಲಸ ಅರ್ಧಕ್ಕೆ ಬಿಟ್ಟು ಬೆಂಗಳೂರಿಗೆ ವಾಪಸಾದರು. ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್‌ಗಳದ್ದು ಇನ್ನೂ ಪೇಚಿನ ಸ್ಥಿತಿ. ಅವು ಬ್ರಿಟನ್ನಿನ ವೆಸ್ಟ್‌ಲ್ಯಾಂಡ್ ಕಂಪನಿಯವು, ಆದರೆ ಮೂಲ ವಿನ್ಯಾಸ ಅಮೆರಿಕದ ಸಿಕೋರ್ಸ್ಕಿಯದು, ಒಳಗಿನ ಎಷ್ಟೋ ಬಿಡಿಭಾಗಗಳೂ ಅಲ್ಲಿಯವೇ. ಬಿಡಿಭಾಗ ಬರುವುದು ನಿಂತಿತು, ಹೆಲಿಕಾಪ್ಟರ್‌ಗಳು ರೆಕ್ಕೆ ಮಡಚಿ ಕೂತವು. ಅರಕೆರೆಯ ಕಾರ್ನ್‌ವಾಲಿಸ್‌ಗೆ ಈ ಸಂಕಟ ಚೆನ್ನಾಗಿ ಅರ್ಥವಾಗುತ್ತಿತ್ತು.

ಗುಬ್ಬಿಯ ಕಥೆಗೆ ಮುಖ್ಯವಾದದ್ದು ಇನ್ನೊಂದು ಎಂಜಿನ್. ಇಂದು 'ಧ್ರುವ್' ಎನ್ನಲಾಗುವ ಎಚ್‌ಎಎಲ್‌ನ ಹೆಲಿಕಾಪ್ಟರ್ 1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಮೊದಲು ಹಾರಿದಾಗ ಅದರಲ್ಲಿದ್ದದ್ದು ಫ್ರಾನ್ಸಿನ ಟರ್ಬೊಮೆಕಾ ಎಂಜಿನ್. ಅದಕ್ಕಿಂತ ಕಸುವಿನದು ಬೇಕೆಂದು ಅಮೆರಿಕದ ಸಿಟಿಎಸ್-800 ಆರಿಸಿ, ಒಂದು ಮಾದರಿಗೆ ಅಳವಡಿಸಿ ಹಾರಿಸಿಯೂ ಆಗಿತ್ತು. ಪೋಖ್ರಾನ್ ಆದದ್ದೇ ತಡ ಆ ಎಂಜಿನ್ ಕೈತಪ್ಪಿತು. ಎಚ್‌ಎಎಲ್ ಮತ್ತೆ ಫ್ರೆಂಚರ ಬಾಗಿಲು ತಟ್ಟಿತು. 2002ರಲ್ಲಿ ಧ್ರುವ್ ಸೇನೆ ಸೇರಿದ್ದು ಹಳೆಯ ಎಂಜಿನ್ನಿನ ಸುಧಾರಿತ ರೂಪದೊಡನೆ. ಸಿಯಾಚಿನ್‌ನ ತೆಳುಗಾಳಿಗೆ ಅದರ ಕಸುವು ಸಾಲಲಿಲ್ಲ. ಆಗ ಟರ್ಬೊಮೆಕಾ, ಎಚ್‌ಎಎಲ್ ಜೊತೆಗೂಡಿ ಹೊಸದೊಂದನ್ನು ಕಟ್ಟಿದವು. ಫ್ರಾನ್ಸಿನಲ್ಲಿ ಅದು 'ಅರ್ದಿದೆನ್', ಇಲ್ಲಿ 'ಶಕ್ತಿ'.

2023ರ ಫೆಬ್ರವರಿ 6ರಂದು ಬಿದರೆಹಳ್ಳ ಕಾವಲಿನ ಕಾರ್ಖಾನೆ ಉದ್ಘಾಟನೆಯಾದಾಗ ಜನ ನೋಡಿದ ಮೂರು ಟನ್ ತೂಕದ ಲಘು ಹೆಲಿಕಾಪ್ಟರ್‌ನ ಬೆನ್ನ ಮೇಲಿರುವುದು ಇದೇ ಶಕ್ತಿಯ ಒಂದು ರೂಪ. ಒಂದೇ ಎಂಜಿನ್, ಇಬ್ಬರು ಪೈಲಟ್‌ಗಳು, ಹಿಮಾಲಯದ ಎತ್ತರದ ಠಾಣೆಗಳಿಗೆ ಸಾಮಾನು ಹೊರುವ ಕೆಲಸ. ಹಳೆಯ ಚೀತಾ, ಚೇತಕ್‌ಗಳ ಜಾಗಕ್ಕೆ ಬರಬೇಕಾದದ್ದು. ವರ್ಷಕ್ಕೆ 30 ಹೆಲಿಕಾಪ್ಟರ್‌ನಿಂದ ಆರಂಭಿಸಿ 90ಕ್ಕೆ ಏರಿಸುವುದು ಎಚ್‌ಎಎಲ್ ಯೋಜನೆ. 2025ರ ಮಾರ್ಚ್‌ನಲ್ಲಿ 156 'ಪ್ರಚಂಡ್' ಯುದ್ಧ ಹೆಲಿಕಾಪ್ಟರ್‌ಗಳಿಗೆ ₹62,700 ಕೋಟಿಯ ಒಪ್ಪಂದವಾದಾಗ ತಯಾರಿಕೆಯ ಜಾಗವೆಂದು ಬೆಂಗಳೂರಿನ ಜೊತೆ ತುಮಕೂರಿನ ಹೆಸರೂ ಬಂತು. ಅದರದ್ದೂ ಶಕ್ತಿ ಎಂಜಿನ್ನೇ. ನಾಟಕದ ರಂಗಕ್ಕೆ ನಿಜವಾದ ಆನೆ ಕುದುರೆ ತಂದು ಬೆರಗು ಹುಟ್ಟಿಸಿದ ಗುಬ್ಬಿ ವೀರಣ್ಣನ ಊರಿಗೆ ಈಗ ಇದು ಹೊಸ ದೃಶ್ಯ.

ವಾಷಿಂಗ್ಟನ್ ಈ ನಡುವೆ ಮನಸ್ಸು ಬದಲಿಸಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯಾದ ಎರಡೇ ವಾರದೊಳಗೆ ಬುಷ್ ನಿರ್ಬಂಧ ತೆಗೆದರು. ಸೀ ಕಿಂಗ್‌ಗಳಿಗೆ ಕೈಕೊಟ್ಟ ದೇಶದಿಂದಲೇ, ಅದೇ ಸಿಕೋರ್ಸ್ಕಿಯ 24 ಹೆಲಿಕಾಪ್ಟರ್ ಕೊಳ್ಳಲು 2020ರಲ್ಲಿ ಭಾರತ ಸಹಿ ಹಾಕಿತು. ಅಂದಿನ ಲಘು ಯುದ್ಧವಿಮಾನ, ಇಂದಿನ ತೇಜಸ್‌ಗೆ ಅಮೆರಿಕದ ಜಿಇ ಕಂಪನಿಯ ಎಂಜಿನ್ನೇ ಗತಿ. 2021ರಲ್ಲಿ 99 ಎಂಜಿನ್‌ಗೆ ಕೊಟ್ಟ ಆರ್ಡರ್‌ನಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಅದೇ ವರ್ಷ ಆಗಸ್ಟ್ 27ರಿಂದ ಟ್ರಂಪ್ ಭಾರತದ ಸರಕಿನ ಮೇಲೆ ಶೇ 50 ಸುಂಕ ಹಾಕಿದರು, ಡಬ್ಬಿ ಸೇರಿ ಹಡಗು ಹತ್ತುವ ಕರ್ನಾಟಕದ ಮಿಡಿಸೌತೆಯೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಸುಂಕದ ಜಗಳ ಕಾವೇರಿದ್ದಾಗಲೇ, ನವೆಂಬರ್ 7ರಂದು, ಎಚ್‌ಎಎಲ್ ಜಿಇಯಿಂದ ಇನ್ನೂ 113 ಎಂಜಿನ್ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ತೋಪು ಸಿದ್ಧವಿದ್ದರೆ ಎತ್ತಿನ ಬೆಲೆ ಕೇಳಲಾಗುವುದಿಲ್ಲ.

ಗುಬ್ಬಿಯಲ್ಲಿ ಮುಂದೆ ತಯಾರಾಗಬೇಕೆಂದಿರುವ 13 ಟನ್‌ನ ದೊಡ್ಡ ಹೆಲಿಕಾಪ್ಟರ್‌ಗೆ ಎಚ್‌ಎಎಲ್ ಮತ್ತು ಫ್ರಾನ್ಸಿನ ಸಫ್ರಾನ್ ಸೇರಿ ಎಂಜಿನ್ ವಿನ್ಯಾಸ ಮಾಡುತ್ತಿವೆ. ಟರ್ಬೊಮೆಕಾ ಈಗ ಸಫ್ರಾನ್‌ನ ಭಾಗ. ತಮ್ಮ ಪಿರೆನೀಸ್ ಸೀಮೆಯ ಹೆಸರುಗಳನ್ನು ಎಂಜಿನ್‌ಗೆ ಇಡುವುದು ಅವರ ಹಳೆಯ ವಾಡಿಕೆ, ಅರ್ದಿದೆನ್ ಕೂಡ ಅಲ್ಲಿನ ಒಂದು ಬೆಟ್ಟವೇ. ಹೊಸ ಎಂಜಿನ್‌ಗೆ 2024ರಲ್ಲಿ ಇಟ್ಟ ಹೆಸರು 'ಅರಾವಳಿ'.