ಜಠರದ ಗುಟ್ಟು, ಗುಳಿಗೆಯ ರೂಪ

1926ರಲ್ಲಿ ಅಮೆರಿಕದ ಬೋಸ್ಟನ್ನಿನ ವೈದ್ಯರಾದ ಮೈನಾಟ್ ಮತ್ತು ಮರ್ಫಿ, ಮಾರಕ ರಕ್ತಹೀನತೆಯ ರೋಗಿಗಳಿಗೆ ದಿನವೂ ಲಿವರ್ ತಿನ್ನಿಸಿ ಬದುಕಿಸಿದರು. ಅದೇ ನಗರದ ವಿಲಿಯಂ ಕ್ಯಾಸಲ್ ಮುಂದೆ ಹೋದರು. ಆರೋಗ್ಯವಂತರ ಜಠರದಲ್ಲಿ ಅರೆಜೀರ್ಣವಾದ ಮಾಂಸವನ್ನು ಹೊರತೆಗೆದು ರೋಗಿಗಳಿಗೆ ಕೊಟ್ಟಾಗ ರಕ್ತ ಸುಧಾರಿಸಿತು; ಬರೀ ಮಾಂಸದಿಂದ ಸುಧಾರಿಸಲಿಲ್ಲ. ಜಠರ ಸ್ರವಿಸುವ ಯಾವುದೋ ಅಂಶವಿಲ್ಲದೆ ಪೋಷಕಾಂಶ ಮೈಗೆ ಹತ್ತದೆಂದು ಹೀಗೆ ತಿಳಿಯಿತು. ಆ ಪೋಷಕಾಂಶವೇ 1948ರಲ್ಲಿ ಬೇರ್ಪಡಿಸಲಾದ ವಿಟಮಿನ್ ಬಿ-12.

1966ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಬೊಜ್ಜು ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು. ಆಹಾರ ಜಠರದ ಬಹುಭಾಗವನ್ನು ಮುಟ್ಟದೆ ಸಾಗುವ ಈ ಶಸ್ತ್ರಚಿಕಿತ್ಸೆಯಿಂದ ಹಳೆಯ ಪಾಠ ಮತ್ತೆ ಎದುರಾಯಿತು. ಆದ್ದರಿಂದಲೇ ಬಿ-12 ಅನ್ನು ಇಂಜೆಕ್ಷನ್ನಾಗಿ ಅಥವಾ ದೊಡ್ಡ ಪ್ರಮಾಣದ ಗುಳಿಗೆಯಾಗಿ ಕೊಡುತ್ತಾರೆ. ಅಷ್ಟು ಕೊಟ್ಟರೆ ನೂರಕ್ಕೆ ಸುಮಾರು ಒಂದು ಪಾಲು ಆ ಅಂಶದ ನೆರವಿಲ್ಲದೆಯೂ ರಕ್ತಕ್ಕೆ ಸೇರುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕು. ಸಿಟ್ರೇಟಿಗೆ ಅಷ್ಟು ಬೇಡ. ಹಾಗಾಗಿ ಸಿಟ್ರೇಟಿಗೆ ಆದ್ಯತೆ.

ಜಿಲೆಟಿನ್ ಕ್ಯಾಪ್ಸೂಲಿನಲ್ಲಿ ಹಂದಿಯ ಅಂಶವಿರಬಹುದೆಂಬ ಅಂಜಿಕೆ ನಮ್ಮಲ್ಲಿ ಸಹಜ. ಅದಕ್ಕಾಗಿ ಔಷಧಿಯನ್ನೇ ಬಿಡಬೇಕಿಲ್ಲ. ಇಂಜೆಕ್ಷನ್ ಇದೆ, ಗುಳಿಗೆ ಇದೆ, ವೈದ್ಯರನ್ನು ಕೇಳಬಹುದು. ದೇಹದ ಬಿ-12 ದಾಸ್ತಾನು ಕರಗಲು ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ರೋಗಿ ಗುಳಿಗೆ ಮರೆತಿರುತ್ತಾನೆ. ಆಮೇಲೆ ಕೆಟ್ಟ ನರ ಕೆಲವೊಮ್ಮೆ ಸರಿಹೋಗುವುದೇ ಇಲ್ಲ.