ಡಬ್ಲ್ಯು.ಪಿ.: ಮೇಲ್ ಗಾಡಿಗಳ ಉಗಿ ಎಂಜಿನ್

ಗುಂಡಗೆ ಮುಂಚಾಚಿದ ಮೂತಿ, ಅದರ ಮೇಲೊಂದು ನಕ್ಷತ್ರ. ಭಾರತದ ಬ್ರಾಡ್‌ಗೇಜ್ ಹಳಿಗಳ ಮೇಲೆ ಓಡಿದ ಉಗಿ ಎಂಜಿನ್‌ಗಳಲ್ಲಿ ಇಷ್ಟು ಚೆಂದದ್ದು ಇನ್ನೊಂದಿಲ್ಲ. ಮೊದಲ 16 ಎಂಜಿನ್‌ಗಳು 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಬಂದವು. 1967ರ ಹೊತ್ತಿಗೆ ಒಟ್ಟು 755 ತಯಾರಾಗಿದ್ದವು. ಕೊನೆಯ ವರ್ಷಗಳವು ನಮ್ಮದೇ ಚಿತ್ತರಂಜನ್ ಕಾರ್ಖಾನೆಯವು.

ಇದರ 'ಛುಕ್ ಛುಕ್' ಸದ್ದು ಹುಟ್ಟುವುದು ಚಿಮಣಿಯಲ್ಲಿ. ಪಿಸ್ಟನ್ ತಳ್ಳಿ ದಣಿದ ಉಗಿ ಚಿಮಣಿಯ ಮೂಲಕ ರಭಸದಿಂದ ಹೊರನುಗ್ಗುತ್ತದೆ. ನುಗ್ಗುವಾಗ ಬೆಂಕಿಗೂಡಿನೊಳಕ್ಕೆ ಹೊಸ ಗಾಳಿಯನ್ನು ಸೆಳೆಯುತ್ತದೆ. ಚಕ್ರ ಒಂದು ಸುತ್ತು ಬಂದರೆ ನಾಲ್ಕು ಛುಕ್. ವೇಗ ಹೆಚ್ಚಿದಷ್ಟೂ ಗಾಳಿ ಹೆಚ್ಚು, ಬೆಂಕಿಯೂ ಹೆಚ್ಚು. ಎಂಜಿನ್ ತನ್ನ ಉಸಿರಿನಿಂದಲೇ ತನ್ನ ಒಲೆಯನ್ನು ಊದಿಕೊಳ್ಳುತ್ತಿತ್ತು!

ಆ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದವರು ಫೈರ್‌ಮನ್‌ಗಳು. ಅಲುಗಾಡುವ ಕ್ಯಾಬಿನ್ನಿನಲ್ಲಿ ಕಾಲೂರಿ ನಿಂತು, ಸಲಿಕೆಯಿಂದ ಬೆಂಕಿಯ ಮೂಲೆಮೂಲೆಗೂ ಸಮನಾಗಿ ಎರಚಬೇಕು. ಎಲ್ಲೋ ಒಂದು ಕಡೆ ರಾಶಿ ಬಿದ್ದರೆ ಉಗಿಯ ಒತ್ತಡ ಇಳಿಯುತ್ತದೆ. ಮೇಲ್ ಗಾಡಿ ಹೊತ್ತಿಗೆ ಸರಿಯಾಗಿ ಊರು ಮುಟ್ಟಿದರೆ ಆ ಮರ್ಯಾದೆಯಲ್ಲಿ ದೊಡ್ಡ ಪಾಲು ಇವರದೇ.

1962ರಿಂದ ಡೀಸೆಲ್ ಎಂಜಿನ್‌ಗಳು ದೊಡ್ಡ ಸಂಖ್ಯೆಯಲ್ಲಿ ಬಂದವು. ಅವಕ್ಕೆ ದಾರಿಯಲ್ಲಿ ನೀರು ತುಂಬಿಸಬೇಕಿಲ್ಲ, ಬೂದಿ ತೆಗೆಯಬೇಕಿಲ್ಲ, ಹೊರಡುವ ಮೊದಲು ಗಂಟೆಗಟ್ಟಲೆ ಕಾಯಿಸಬೇಕಿಲ್ಲ. ಬದಲಾವಣೆ ಬೇಕಾಗಿತ್ತು, ನಿಜ. ಆದರೂ ಗಾಡಿ ಬರುವುದನ್ನು ದೂರದ ಹೊಗೆಯಿಂದಲೇ ಗುರುತಿಸಿ ಪ್ಲಾಟ್‌ಫಾರ್ಮಿನ ಅಂಚಿಗೆ ಓಡುತ್ತಿದ್ದವರಿಗೆ ಆ ಸಂಭ್ರಮ ಮತ್ತೆ ಸಿಗಲಿಲ್ಲ.

ಬ್ರಾಡ್‌ಗೇಜಿನಲ್ಲಿ ಉಗಿ ಗಾಡಿಗಳ ನಿತ್ಯ ಓಡಾಟ 1995ರಲ್ಲಿ ನಿಂತಿತು. 1947ರಲ್ಲಿ ಬಂದ 7200ನೇ ಸಂಖ್ಯೆಯ ಎಂಜಿನ್ 'ಆಜಾದ್' ಎಂಬ ಹೆಸರಿನಲ್ಲಿ ಹರಿಯಾಣದ ರೇವಾಡಿಯ ಉಗಿ ಎಂಜಿನ್ ಶೆಡ್ಡಿನಲ್ಲಿ ಉಳಿದಿದೆ.